ಎರಡೆರಡು ಸಲ ಹೇಳುವ ಮೈಕಮ್ಮ

ಮಾತಿನಲ್ಲಿ ಮೈಕಮ್ಮನನ್ನು ಸೋಲಿಸಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳುತ್ತಲೇ ತಲೆ ನರೆತವರು. ಏನು ಗಂಟಲು, ಏನು ಸ್ಪಷ್ಟತೆ! ನಿದ್ದೆಗಣ್ಣಿನವನೂ ಸರಿಯಾದ ಬಸ್ಸನ್ನೇ ಹತ್ತುತ್ತಿದ್ದ. ನಿಲ್ದಾಣದಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಿ ಹೇಳಿ ಮನೆಯಲ್ಲೂ ಅದೇ ಅಭ್ಯಾಸ. ಉಪ್ಪು ಕಡಿಮೆ ಎಂದರೆ ಎರಡು ಸಲ ಕಡಿಮೆ. ಸೊಸೆ ಮೊದಮೊದಲು ರೇಗಿದ್ದುಂಟು. ಬರಬರುತ್ತಾ ಎರಡನೆಯ ಸಲ ಕೇಳಿಸದಿದ್ದರೆ ಅವಳಿಗೇ ಏನೋ ಕಳೆದುಹೋದಂತಾಗುತ್ತಿತ್ತು.

ಅಂಥ ಗಂಟಲಿಗೇ ಗಡ್ಡೆಯಾಗಬೇಕೆ? ಆಪರೇಷನ್ ಮಾಡಿ ಜೀವ ಉಳಿಸಿದರು, ಧ್ವನಿ ಹೋಯಿತು. ಬೇರೆಯವರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು. ಮೈಕಮ್ಮ ಮನೆಯ ಹಳೆಯ ಕಂಪ್ಯೂಟರಿಗೆ, ಟೈಪ್ ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಂ ಹಾಕಿಸಿಕೊಂಡರು. ಅದರಲ್ಲಿದ್ದ ಧ್ವನಿಗಳನ್ನೆಲ್ಲ ಕೆಲಸಕ್ಕೆ ಬಂದವರನ್ನು ಸಂದರ್ಶಿಸುವಂತೆ ಕೇಳಿ ಕೇಳಿ, ಒಂದನ್ನು ಆಯ್ದುಕೊಂಡರು. ಒಂದು ಮಧ್ಯಾಹ್ನ ಅಡುಗೆಮನೆಗೆ ಕೇಳಿಸಿತು: ಉಪ್ಪು ಕಡಿಮೆ, ಉಪ್ಪು ಕಡಿಮೆ. ಸೊಸೆ ಒಲೆಯ ಮುಂದೆ ನಿಂತು ಅತ್ತೇಬಿಟ್ಟಳು.

ಈಗ ಆ ಕಂಪ್ಯೂಟರಿಗೇ ಕಾಯಿಲೆ. ಗುಂಡಿ ಒತ್ತಿ ಎಷ್ಟೋ ಹೊತ್ತಿಗೆ ಅಕ್ಷರ ಮೂಡುತ್ತದೆ. ಒಮ್ಮೊಮ್ಮೆ ಪರದೆ ಕಲ್ಲಾಗಿ ನಿಂತು, ಮನಸ್ಸು ಬಂದಾಗ ಕಣ್ಣು ಬಿಡುತ್ತದೆ. ಮೊನ್ನೆ ಮೈಕಮ್ಮ ಅಕ್ಕನ ಜೊತೆ ಫೋನಿನಲ್ಲಿದ್ದಾಗ ಮಾತು ಅರ್ಧಕ್ಕೇ ನಿಂತಿತು. ಅಕ್ಕ ಹಲೋ ಹಲೋ ಎಂದು ಸಾಕಾಗಿ ಫೋನಿಟ್ಟರು. ಮೈಕಿನ ಮುಂದೆ ಒಂದು ದಿನವೂ ಮಾತನ್ನು ಅರ್ಧಕ್ಕೆ ಬಿಟ್ಟವರಲ್ಲ ಇವರು. ಕೀಬೋರ್ಡನ್ನು ಆಚೆ ತಳ್ಳಿದರು. ಅಲ್ಲಿಂದಾಚೆಗೆ ಮನೆಯಲ್ಲಿ ಅವರ ಮಾತೇ ಇಲ್ಲ.

ರಿಪೇರಿಯವನು ಬಂದು ನೋಡಿ, ಹೊಸದು ತಗೊಳ್ಳಿ ಎಂದ. ಆದರೆ ಆ ಧ್ವನಿ ಹೊಸದರಲ್ಲಿ ಸಿಗುವುದಿಲ್ಲವಂತೆ. ಇದನ್ನು ಆಫ್ ಮಾಡಿದರೆ ಮತ್ತೆ ಏಳುತ್ತದೆಂಬ ಭರವಸೆಯನ್ನೂ ಕೊಡಲಾರೆ ಎಂದು ಹೇಳಿ ಹೋದ. ಆಫ್ ಮಾಡುವ ಮಾತೆಲ್ಲಿ ಬಂತು? ಪ್ರೋಗ್ರಾಂ ಹಾಕಿಸಿದಂದಿನಿಂದ ಮೈಕಮ್ಮ ಅದನ್ನು ಆರಿಸಲು ಯಾರನ್ನೂ ಬಿಟ್ಟವರಲ್ಲ. ಕರೆಂಟು ಹೋದರೂ ನಿಲ್ಲಬಾರದೆಂದು ಯುಪಿಎಸ್ ತರಿಸಿದ್ದರು. ಅದು ಮುದುಕಿಯ ಹಟ ಎಂದೇ ಮನೆಯವರೆಲ್ಲ ಅಂದುಕೊಂಡಿದ್ದರು.

ಸೊಸೆ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವಳು. ಎಲ್ಲಿ ಕೂದಲೆಳೆಯಷ್ಟು ತಾಗುತ್ತದೆಂದು ಹುಡುಕುವುದೇ ಅವಳ ಕಸುಬು. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತದೆಂದು ತೋರಿಸುವ ಕಿಟಕಿ ತೆರೆದು ಕೂತಳು. ಒಂದು ವಾಕ್ಯ ಟೈಪ್ ಮಾಡಿದಳು, ಅಂಕಿ ಏರಿತು. ಮಾತು ಮುಗಿಯಿತು, ಅಂಕಿ ಇಳಿಯಲಿಲ್ಲ. ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿಸಿದಳು, ಮತ್ತೆ ಏರಿತು. ಉಂಡವರು ತಟ್ಟೆ ಎತ್ತದೆ ಹೋಗುತ್ತಿದ್ದರೆ ಹಿಂದೆ ಬಂದವರು ಎಲ್ಲಿ ಕೂರಬೇಕು? ಆಡಿ ಮುಗಿದ ಮಾತನ್ನೆಲ್ಲ ಯಂತ್ರ ಬಿಡದೆ ಹಿಡಿದುಕೊಂಡಿತ್ತು. ಅತ್ತೆಯದೋ, ಎಲ್ಲವೂ ಎರಡೆರಡು! ಸೊಸೆಗೆ ನಗು ತಡೆಯಲಾಗಲಿಲ್ಲ. ಪ್ರೋಗ್ರಾಂ ಒಂದನ್ನೇ ಮುಚ್ಚಿ ತೆರೆದಳು, ಅದರ ಧ್ವನಿಯ ಭಾಗ ಒಳಗೊಳಗೇ ಓಡುತ್ತಲೇ ಇತ್ತು, ಅಂಕಿ ಜಗ್ಗಲಿಲ್ಲ. ಇಡೀ ಕಂಪ್ಯೂಟರನ್ನೇ ಆರಿಸಿ ಎಬ್ಬಿಸಬೇಕು, ಬೇರೆ ದಾರಿಯಿಲ್ಲ.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೈಕಮ್ಮ ಸ್ವಿಚ್ಚಿನ ಮೇಲೆ ಅಂಗೈ ಅಡ್ಡ ಇಟ್ಟರು. ಆಮೇಲೆ ಇನ್ನೊಂದು ಕೈಯಿಂದ ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ಯಂತ್ರ ಏದುಸಿರು ಬಿಡುತ್ತಾ ಒಂದೊಂದೇ ಪದ ನುಡಿಯಿತು:

"ನನ್ನನ್ನೂ ಹೀಗೇ ಮಲಗಿಸಿದ್ರು. ಎದ್ದಾಗ ಧ್ವನಿ ಇರಲಿಲ್ಲ."

ಒಂದೇ ಸಲ. ಹಟವೆಂದುಕೊಂಡಿದ್ದೆನಲ್ಲಾ ಎಂದು ಸೊಸೆಗೆ ನಾಚಿಕೆಯಾಯಿತು. ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು.

"ಅವತ್ತು ನಿಮ್ಮೊಬ್ಬರನ್ನೇ ಒಳಗೆ ಕರ್ಕೊಂಡು ಹೋದ್ರು ಅತ್ತೆ. ಇವತ್ತು ನಾನು ಪಕ್ಕದಲ್ಲೇ ಇರ್ತೀನಿ. ಆದ್ರೆ ಏಳುತ್ತೆ ಅಂತ ಮಾತು ಕೊಡೋಕೆ ನನ್ನಿಂದಾಗಲ್ಲ."

ಮೈಕಮ್ಮ ಅವಳ ಮುಖವನ್ನೇ ನೋಡಿದರು. ಅಂಗೈ ತೆಗೆದು, ಬೇರೆಯವರಿಗೆ ಬಿಡದೆ, ತಾವೇ ಆರಿಸಿದರು. ಗುಂಡಿಗೆ ಅಂದರೆ ಅದು!

ಪರದೆ ಕಪ್ಪಾಯಿತು. ಒಳಗಿನ ಫ್ಯಾನಿನ ಗುಂಯ್ ಸದ್ದೂ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಸೊಸೆ ಮತ್ತೆ ಗುಂಡಿ ಒತ್ತಿದಳು. ಏನೂ ಇಲ್ಲ. ಮೈಕಮ್ಮ ಅವಳ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು. ಆಮೇಲೆ ಫ್ಯಾನು ಕೆಮ್ಮಿತು, ಬೆಳಕು ಬಂತು, ಪ್ರೋಗ್ರಾಂ ತೆರೆದುಕೊಂಡಿತು. ಅಂಕಿ ಕೆಳಗಿಳಿದು ತೆಪ್ಪಗೆ ಕೂತಿತ್ತು.

ಇನ್ನು ಮೇಲೆ ದಿನಕ್ಕೊಮ್ಮೆ ಇದಕ್ಕೂ ವಿಶ್ರಾಂತಿ ಕೊಡೋಣ, ನೀವೂ ಒಂದು ಸಲ ಹೇಳಿದರೆ ಸಾಕು, ಬೇಗ ತುಂಬುವುದಿಲ್ಲ ಎಂದು ಸೊಸೆ ಹೇಳಿದಳು. ಮೈಕಮ್ಮ ತಲೆಯಾಡಿಸಿ ಟೈಪ್ ಮಾಡಿದರು. ಧ್ವನಿ ಒಂದಿಷ್ಟೂ ತೊದಲದೆ ಹೊರಟಿತು:

"ಪ್ರಯಾಣಿಕರ ಗಮನಕ್ಕೆ. ಉಪ್ಪು ಕಡಿಮೆ ಹಾಕಿದ್ರೂ ನನ್ನ ಸೊಸೆ ಚಿನ್ನ."

ಅಂಕಿ ಚೂರು ಏರಿತು. ಮೈಕಮ್ಮ ಅದನ್ನು ನೋಡಿದರು, ಸೊಸೆಯನ್ನು ನೋಡಿದರು, ಬೆರಳುಗಳನ್ನು ಮತ್ತೆ ಕೀಬೋರ್ಡಿನ ಮೇಲಿಟ್ಟರು. ಸೊಸೆ ತಡೆಯಲಿಲ್ಲ. ಎರಡನೆಯ ಸಲಕ್ಕೆಂದೇ ಅವಳು ಕಾಯುತ್ತಿದ್ದಳು.