ಚೇರ್ಮನ್ನರ ಶಿಕ್ಕೆ

ದೌಲತರಾಯರು ನಾಲ್ಕು ಹೆಜ್ಜೆ ಇಟ್ಟರೆ ಒಮ್ಮೆ ನಿಲ್ಲುತ್ತಿದ್ದರು. ಹಿಂದೆ ಬರುವವರು ಬಂದು ಕೂಡಿಕೊಳ್ಳಲಿ ಎಂಬ ಉದಾರಬುದ್ಧಿಯಿಂದ ಶುರುವಾದ ಈ ಅಭ್ಯಾಸ, ಹಿಂದೆ ಯಾರೂ ಬರದ ಕಾಲದಲ್ಲೂ ಅವರನ್ನು ಬಿಡಲಿಲ್ಲ. ಯಡ್ರಾಮಿ ಸನಿಹದ ಆ ಊರಿನ ಪಂಚಾಯ್ತಿಗೆ ಹತ್ತೊಂಬತ್ತು ವರ್ಷ ಅವರೇ ಚೇರ್ಮನ್ನರು. ವೈಶಾಖದ ಬಿಸಿಲಲ್ಲೂ ಮೈಮೇಲೆ ಕರಿ ಕೋಟು, ಕೋಟಿನ ಜೇಬಿನಲ್ಲಿ ಪಂಚಾಯ್ತಿಯ ರಬ್ಬರ್ ಮೊಹರು, ಅಂದರೆ ಶಿಕ್ಕೆ. ಗಂಡನ ಹೆಸರು ಹೇಳುವ ಸಂಕಟದಿಂದ ಪಾರಾದ ಶಾರದಾಬಾಯಿಯೂ, "ಚೇರ್ಮನ್ರದು ಊಟ ಆಗ್ಯದ" ಎಂದೇ ನೆರೆಯವರಿಗೆ ಹೇಳುತ್ತಿದ್ದಳು.

ಎಂಬತ್ತೇಳನೆಯ ಇಸವಿಯಲ್ಲಿ ಮಂಡಲ ಪಂಚಾಯ್ತಿ ಬಂದು, ಚೇರ್ಮನ್ ಎಂಬ ಹುದ್ದೆಯೇ ಹೋಗಿ ಪ್ರಧಾನ ಎಂಬುದು ಬಂತು. ಕುರಿ ಕಾಯುತ್ತಿದ್ದ ಮಾಳಿಂಗಪ್ಪ ಪ್ರಧಾನನಾದ. ಚುನಾವಣೆಯಲ್ಲಿ ತಾವು ಸೋತದ್ದು ರಾಯರಿಗೆ ತಿಳಿಯಿತು. ಮರುದಿನವೂ ಊರೆಲ್ಲ "ಚೇರ್ಮನ್ರ, ನಮಸ್ಕಾರ್ರಿ" ಅಂದದ್ದು ಯಾಕೆಂದು ತಿಳಿಯಲಿಲ್ಲ. ಹೆಸರು ಉಳಿದಿದೆಯೆಂದರೆ ಹುದ್ದೆಯೂ ಎಲ್ಲಾದರೂ ಉಳಿದಿರಬೇಕಲ್ಲ?

ಆ ಗೊಂದಲದಲ್ಲೇ ವಿಧವೆ ಚಂದಮ್ಮನ ಪಿಂಚಣಿ ಅರ್ಜಿಗೆ ಸಹಿ ಮಾಡಿ ಶಿಕ್ಕೆ ಒತ್ತಿದರು. ಜೇವರ್ಗಿಯ ತಾಲೂಕು ಕಚೇರಿಯಿಂದ ಅರ್ಜಿ ಹಾಗೇ ವಾಪಸು ಬಂತು.

"ನಿಮ್ಮ ಸಹಿ ನಡ್ಯಂಗಿಲ್ಲಂತ್ರಿ," ಅಂದಳು ಚಂದಮ್ಮ. "ನಾಳಿಗಿ ಕಡೀ ದಿನ. ಪ್ರಧಾನರ ಬಲ್ಲಿ ನೀವಾ ಬರ್ರಿ."

"ನೀನೇ ಹೋಗಬೇ, ನಾ ಯಾಕ?"

"ನಾ ಯಾವ ಮಾರಿ ಇಟ್ಕೊಂಡು ಹೋಗ್ಲಿರಿ? ನಾ ಓಟು ಹಾಕಿದ್ದು ನಿಮಗ."

ರಾಯರು ಕೋಟು ತೊಟ್ಟು ಚಂದಮ್ಮನೊಂದಿಗೆ ಹೊರಟರು. ದಾರಿಯುದ್ದಕ್ಕೂ "ಪ್ರಧಾನರೇ" ಎಂದು ಬಾಯಿಪಾಠ ಮಾಡಿದರೂ ಪಂಚಾಯ್ತಿ ಕಚೇರಿಯ ಬಾಗಿಲಲ್ಲಿ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮಾಳಿಂಗಪ್ಪನೇ ದಡಬಡಿಸಿ ಎದ್ದ. "ಬರ್ರಿ ಚೇರ್ಮನ್ರ, ಕೂಡ್ರಿ." ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ರೂಢಿಯ ಬಲದಿಂದ ರಾಯರು ಅದರಲ್ಲೇ ಕೂತುಬಿಟ್ಟರು. ಪ್ರಧಾನ ನಿಂತಲ್ಲೇ ಬಾಗಿ ಅರ್ಜಿಗೆ ಸಹಿ ಹಾಕಿ, ಹೊಸ ಶಿಕ್ಕೆ ಒತ್ತಿದ. ಚಂದಮ್ಮ ಕೈಮುಗಿದಳು, ಯಾರಿಗೆ ಮುಗಿದಳೋ ಇಬ್ಬರಿಗೂ ಗೊತ್ತಾಗಲಿಲ್ಲ.

ರಾಯರು ಎದ್ದು, ಜೇಬಿನ ಹಳೆಯ ಶಿಕ್ಕೆಯನ್ನು ಮೇಜಿನ ಮೇಲಿಟ್ಟರು.

"ಇದನ್ನ ಯಾರಿಗಿ ಕೊಡ್ಲಿ, ಪ್ರಧಾನರ?"

ಮಾಳಿಂಗಪ್ಪ ತಿರುಗಿಸಿ ತಿರುಗಿಸಿ ನೋಡಿದ. "ಇದಕ್ಕ ಇಲ್ಲಿ ಜಾಗಾ ಇಲ್ರಿ, ಚೇರ್ಮನ್ರ. ನಿಮ್ಮಲ್ಲೇ ಇರ್ಲಿ."

ನಮ್ಮ ಕಡೆ ಊರಿಗೊಬ್ಬರಾದರೂ ಇಂಥವರಿದ್ದಾರೆ. ಸರ್ಕಾರ ಕೊಟ್ಟ ಕುರ್ಚಿಯನ್ನು ಸರ್ಕಾರವೇ ಒಯ್ಯುತ್ತದೆ; ಕುರ್ಚಿಯ ಹೆಸರನ್ನು ಕೊಟ್ಟ ಊರಿಗೆ ಅದನ್ನು ವಾಪಸು ಕೇಳಲು ನಾಚಿಕೆ. ಹಾಗಾಗಿ ಪಾಪ, ಅವರು ಆ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಯಾರಾದರೂ ಬಂದು ಅದನ್ನು ತೆಗೆದುಕೊಳ್ಳಲಿ ಎಂದೋ, ಯಾರೂ ಬಾರದಿರಲಿ ಎಂದೋ.