ಸೂಜಿಯಲ್ಲ, ಸಿರಪ್ಪು

"ಕೊಡ್ತೀಯೋ, ಎದುರಂಗಡಿಗೆ ಹೋಗ್ಲೋ?"

ಓರಗಿತ್ತಿ ಡಾಕ್ಟರ ಚೀಟಿಯನ್ನು ಔಷಧದಂಗಡಿಯ ಗಾಜಿನ ಮೇಲೆ ಬಡಿದಳು. ಮನೆ ಪಾಲಾಗಿ ಒಂದು ವರ್ಷ. ಅಲ್ಲಿಂದೀಚೆಗೆ ಅವಳಾಡಿದ ಮೊದಲ ಮಾತು ಅದು. ಪಕ್ಕದಲ್ಲಿ ಐದು ವರ್ಷದ ಮಗಳು, ಸೋರುವ ಕಿವಿಗೆ ಹತ್ತಿ ತುರುಕಿಸಿಕೊಂಡು ನಿಂತಿದ್ದಳು.

ಅವಳ ಮೈದುನನ ಹೆಂಡತಿ, ಔಷಧದಂಗಡಿಯವಳು, ಚೀಟಿ ಓದಿದಳು. ಅಮಾಕ್ಸಿಸಿಲಿನ್ ಸಿರಪ್. ಎರಡು ವರ್ಷದ ಹಿಂದೆ, ಇನ್ನೂ ಒಂದೇ ಒಲೆ ಉರಿಯುತ್ತಿದ್ದಾಗ, ಇದೇ ಮಗುವಿಗೆ ಪೆನಿಸಿಲಿನ್ ಚುಚ್ಚಿದ್ದರು. ನೋಡನೋಡುತ್ತ ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಅಂದು ಮಗುವನ್ನು ಎದೆಗವಚಿಕೊಂಡು ದೊಡ್ಡಾಸ್ಪತ್ರೆಗೆ ಓಡಿದವಳು ಇವಳೇ.

"ಅಕ್ಕಾ, ಇದೂ ಅದೇ ಜಾತೀದು."

"ಅದು ಸೂಜಿ. ಇದು ಸಿರಪ್ಪು. ಅಷ್ಟೂ ತಿಳೀದ ದಡ್ಡಿ ಅಲ್ಲ ನಾನು."

ಚುಚ್ಚಿದರೂ ಅದೇ, ಕುಡಿಸಿದರೂ ಅದೇ, ಅಂಗಿ ಬದಲಾಯಿಸಿದರೆ ಆಳು ಬೇರೆಯಾಗುತ್ತಾನೆಯೇ ಎಂದು ಇವಳು ತಡವರಿಸಿದಳು. ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಿದಳು. ಮಗುವಿಗೆ ಸೂಜಿ ಆಗಿಬರಲ್ಲ ಎಂದಷ್ಟೇ ಅಂದಿದ್ದಳಂತೆ. ಚುಚ್ಚಿಸಿಕೊಳ್ಳುವ ಹೆದರಿಕೆ ಅಂದುಕೊಂಡು ಅವರು ನಕ್ಕರಂತೆ.

"ಪಾಲು ಕಮ್ಮಿ ಬಂತು ಅನ್ನೋ ಹೊಟ್ಟೆಕಿಚ್ಚು, ಮಗು ಮೇಲೆ ತೀರಿಸ್ಕೋತಿದೀಯ. ನಿಂಗೂ ಒಂದು ಹುಟ್ಟಿದ್ರೆ ಗೊತ್ತಾಗ್ತಿತ್ತು."

ಸರತಿಯಲ್ಲಿದ್ದವರು ನೆಲ ನೋಡಿದರು. ನಾಲ್ಕು ಜನರೆದುರು ದನಿ ಎತ್ತಿದವಳಲ್ಲ ಇವಳು, ಔಷಧ ಕೊಡದೆ ಚೀಟಿಯನ್ನು ಹಿಂದಕ್ಕೆ ಸರಿಸಿದಳು. ಓರಗಿತ್ತಿ ಅದನ್ನು ಕಿತ್ತುಕೊಂಡು, ಮಗುವನ್ನು ಎಳೆದುಕೊಂಡು ರಸ್ತೆ ದಾಟಿದಳು.

ಎದುರಂಗಡಿಯ ಮುದುಕ ಪುಡಿಯಿದ್ದ ಬಾಟಲಿಗೆ ಗೆರೆ ಮುಟ್ಟುವವರೆಗೆ ನೀರು ಹುಯ್ದು, ಕುಲುಕಿ ಕೊಟ್ಟ. ಓರಗಿತ್ತಿ ಈ ಕಡೆಗೇ ತಿರುಗಿ, ಇವಳು ನೋಡಲೆಂದೇ, ಅಲ್ಲೇ ಔಷಧವನ್ನು ಮುಚ್ಚಳಕ್ಕೆ ಬಗ್ಗಿಸಿದಳು.

ರಸ್ತೆ ಹೇಗೆ ದಾಟಿದಳೋ ಇವಳಿಗೇ ತಿಳಿಯದು. ಮಗು ಬಾಯಿ ತೆರೆದಿತ್ತು. ಮುಚ್ಚಳಕ್ಕೆ ಕೈ ಬೀಸಿದಳು, ಔಷಧ ಚೆಲ್ಲಿತು. ಮರುಗಳಿಗೆಯಲ್ಲೇ ಇವಳ ಕೆನ್ನೆಗೆ ಓರಗಿತ್ತಿಯ ಏಟು ಬಿತ್ತು, ತಲೆ ಗುಂಯ್ ಎಂದಿತು.

"ಈ ಮಗೂಗೆ ಪೆನಿಸಿಲಿನ್ ಆಗಲ್ಲ. ಒಂದ್ಸಲ ಸಾಯೋ ಹಾಗಾಗಿತ್ತು," ಎಂದಳು, ಮುದುಕನಿಗೆ.

ಮುದುಕ ಬಾಟಲಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಇದೂ ಪೆನಿಸಿಲಿನ್ನೇ ಕಣಮ್ಮ," ಎಂದ ಓರಗಿತ್ತಿಗೆ. "ಒಂದು ಮಾತು ಹೇಳಬಾರದಿತ್ತಾ ನಂಗೆ?"

ಮೂರನೆಯವನ ಬಾಯಿಂದ ಬಂದದ್ದಕ್ಕೋ ಏನೋ, ಮಾತು ನಾಟಿತು. ಆದರೂ ಓರಗಿತ್ತಿ ಇವಳತ್ತ ನೋಡಲಿಲ್ಲ. ಮಂಡಿಯೂರಿ ಕುಳಿತು, ಮಗಳ ಗಲ್ಲಕ್ಕೆ ಸಿಡಿದಿದ್ದ ಗುಲಾಬಿ ಹನಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಹನಿ ಹೋದ ಮೇಲೂ ಒರೆಸುತ್ತಲೇ ಇದ್ದಳು.