ಆರು ಗಂಟೆ ಎಳೆದರೂ ಏರದ ಬ್ಯಾಟರಿ

ಕರೆಂಟ್ ಮೇಸ್ತ್ರಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆ ಮಧ್ಯಾಹ್ನ ಕೆರೆ ಪಕ್ಕದ ಕ್ಯಾಂಪಿನ ಬಯಲಿನಲ್ಲಿ ಅದು ನೆತ್ತಿಗೇರಿತು. ಕಾರಿನ ಹಿಂದೆ ಆರು ಗಂಟೆ ಎಳೆದುಕೊಂಡು ಬಂದ ಟ್ರೇಲರ್ ಮನೆಯ ಬಾಗಿಲು ತೆಗೆದರೆ, ಒಳಗಿನ ಫ್ರಿಜ್ ಉಸಿರು ನಿಲ್ಲಿಸಿತ್ತು. ಬ್ಯಾಟರಿಗೆ ಮೀಟರು ಹಚ್ಚಿ, ಡಬ್ಬಿಯಿಂದ ಕನ್ನಡಕ ತೆಗೆಯುವ ಸೋಮಾರಿತನಕ್ಕೆ ಅದನ್ನು ಹೆಂಡತಿಯ ಕಣ್ಣಿಗೆ ಹಿಡಿದ.

"ಹತ್ತೂವರೆ ವೋಲ್ಟ್," ಎಂದಳು.

ಹನ್ನೆರಡೂವರೆ ದಾಟಿರಬೇಕಾದ್ದು ಹತ್ತೂವರೆ! ಓಡುವ ಕಾರಿನಿಂದ ಕರೆಂಟು ಬಂದು ದಾರಿಯುದ್ದಕ್ಕೂ ಟ್ರೇಲರಿನ ಬ್ಯಾಟರಿ ತುಂಬಬೇಕಿತ್ತು. ಫ್ರಿಜ್ಜಿನಲ್ಲಿದ್ದದ್ದು ಅವಳ ಹತ್ತು ದಿನದ ಇನ್ಸುಲಿನ್. ಕೊನೆಯ ಔಷಧಿ ಅಂಗಡಿ ಮೂರು ಗಂಟೆ ದಾರಿಯಷ್ಟು ಹಿಂದೆ ಉಳಿದಿತ್ತು. ಟ್ರೇಲರಿನ ತಗಡು ಬಿಸಿಲಿಗೆ ಹೆಂಚಿನಂತೆ ಕಾದಿತ್ತು.

"ಟ್ರೇಲರಿನ ಪ್ಲಗ್ ಕಾರಿಗೆ ಚುಚ್ಚಿದ್ದು ಯಾರು?"

"ನಾನೇ ಭಾವ," ಎಂದ ಹೆಂಡತಿಯ ತಮ್ಮ. ದರ್ಜಿ ಕೆಲಸದವನು, ಕಾರು ಅವನದು. "ಗಟ್ಟಿಯಾಗೇ ಒತ್ತಿದ್ದೆ. ಹಿಂದಿನ ದೀಪ ಎಲ್ಲ ಉರೀತಿತ್ತಲ್ಲ."

"ದೀಪದ ತಂತಿ ಬೇರೆ, ಚಾರ್ಜಿನ ತಂತಿ ಬೇರೆ ಕಣೋ! ಸೂಜಿಗೆ ದಾರ ಪೋಣಿಸೋ ಕೈಗೆ ಪ್ಲಗ್ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ನಿನ್ನೆಯೆಲ್ಲ ಇದರ ಕೆಳಗೆ ಮಲಗಿದ್ದೋರು ನೀವು. ನಾನೇನು ಮುಟ್ಟಿದೆ?"

"ಮುಚ್ಚು ಬಾಯಿ! ಅಕ್ಕನ ಜೀವ ಅಂದ್ರೆ ಹರಿದ ಜೇಬು ಅಂದ್ಕೊಂಡ್ಯಾ, ಆಮೇಲೆ ಹೊಲಿದುಕೊಡೋಕೆ?"

ದರ್ಜಿಯ ಮುಖ ಸಣ್ಣದಾಯಿತು. ಟ್ರೇಲರಿನ ಕೊಂಡಿ ಇನ್ನೂ ಕಾರಿಗೆ ಬಿಗಿದೇ ಇತ್ತು, ಕಾರು ಒಯ್ಯುವಂತಿರಲಿಲ್ಲ. ಬಕೆಟ್ ಎತ್ತಿಕೊಂಡು, ಬಯಲಿನ ಗೇಟಿನ ಅಂಗಡಿಯಿಂದ ಐಸು ತರಲು ಬಿಸಿಲಲ್ಲಿ ನಡೆದೇ ಹೋದ.

"ಬೈದದ್ದು ಸಾಕು," ಎಂದು ಹೆಂಡತಿ ಇನ್ಸುಲಿನ್ ಬಾಟಲಿ ಚಾಚಿದಳು. "ಇನ್ನೂ ತಣ್ಣಗಿದೆ. ಎಷ್ಟು ಬಿಸಿ ತಡೆಯುತ್ತೆ ಅಂತ ಬರೆದಿದೆ, ನೋಡಿ. ಇರುವೆ ಕಾಲಿನಂಥ ಅಕ್ಷರ."

ಮೇಸ್ತ್ರಿ ಕನ್ನಡಕದ ಡಬ್ಬಿ ತೆರೆದ. ಗಾಜು ಒರೆಸಲು ಬಟ್ಟೆ ಕೊಡವಿದ. ಟಪ್ಪನೆ ಒಂದು ಫ್ಯೂಸ್ ಕಾಲ ಬಳಿ ಬಿತ್ತು.

ಬಸ್ ಡಿಪೋದಲ್ಲಿ ಕೆಲಸ ಮಾಡುವಾಗ ಯಾರೋ ಸ್ವಿಚ್ ಒತ್ತಿ ಅವನ ಕೈ ಸುಟ್ಟಿತ್ತು. ಅಂದಿನಿಂದ ಯಾವ ತಂತಿ ಮುಟ್ಟಿದರೂ ಅದರ ಫ್ಯೂಸ್ ಕಿತ್ತು ಆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಕೆಲಸ ಮುಗಿದು ಕನ್ನಡಕ ಒರೆಸುವಾಗ ತಾನಾಗಿಯೇ ಕೈಗೆ ಸಿಗುತ್ತಿತ್ತು. ನಿನ್ನೆ ಚಾರ್ಜಿನ ತಂತಿ ಬದಲಿಸಿ, ಹೊರಡುವ ಹೊತ್ತಿನ ಬಗ್ಗೆ ಇದೇ ದರ್ಜಿಯ ಮೇಲೆ ರೇಗುತ್ತಾ, ಕನ್ನಡಕ ಒರೆಸದೆ ಡಬ್ಬಿಗೆ ತುರುಕಿ ಎದ್ದು ಹೋಗಿದ್ದ.

ಫ್ಯೂಸ್ ಕೂರಿಸಿ ಕಾರಿನ ಎಂಜಿನ್ ಹಚ್ಚಿದ. ಮೀಟರು ಹದಿಮೂರೂವರೆ ತೋರಿಸಿತು. ಫ್ರಿಜ್ ಗುಂಯ್‌ಗುಟ್ಟತೊಡಗಿತು.

"ಈಗ ಯಾರಿಗೆ ಬೈತೀರಿ?" ಎಂದಳು ಹೆಂಡತಿ.

ಬಾಟಲಿಯನ್ನು ಮತ್ತೆ ಫ್ರಿಜ್ಜಿಗೆ ಸೇರಿಸಿದವನೇ ಮೇಸ್ತ್ರಿ ದುಡುದುಡು ಗೇಟಿನ ಕಡೆ ನಡೆದ. ಅರ್ಧ ದಾರಿಯಲ್ಲಿ, ತೊಟ್ಟಿಕ್ಕುವ ಬಕೆಟ್ ಹಿಡಿದು, ಬೆವೆತು ತೊಪ್ಪೆಯಾಗಿ ಭಾವಮೈದ ಬರುತ್ತಿದ್ದ.

"ಫ್ಯೂಸ್ ನನ್ನ ಹತ್ರಾನೇ ಇತ್ತು. ಕೊಡು ಬಕೆಟ್ನ."

ದರ್ಜಿ ಕೊಡಲಿಲ್ಲ. "ಬೈದಿದ್ದು ಅಕ್ಕನ ಎದುರಿಗೆ ತಾನೇ? ಇದನ್ನೂ ಅಲ್ಲೇ ಹೇಳಿ ಭಾವ."

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಬೈಗುಳವನ್ನು ಕಹಿ ಮಾತ್ರೆಯಂತೆ ನುಂಗಿ ಅವನ ಹಿಂದೆಯೇ ನಡೆದ. ಟ್ರೇಲರಿನ ಬಾಗಿಲಲ್ಲಿ ನಿಂತು, ಜಗಳಕ್ಕೆ ಬಂದವನ ಹಾಗೆ ಕೂಗಿದ: "ತಪ್ಪು ನಂದು ಕಣೇ! ನಿನ್ನ ತಮ್ಮಂದಲ್ಲ! ಕೇಳಿಸ್ತಾ?"